ಬರದ ಮನವಿಯಲ್ಲಿ ರೋಗಿಗೆ ಸ್ಥಾನವಿಲ್ಲವೇ?

2023ರ ಬರಗಾಲಕ್ಕೆ ಪರಿಹಾರ ಕೋರಿ ರಾಜ್ಯ ಸರಕಾರವು ಕೇಂದ್ರದ ಮುಂದಿಟ್ಟ ಬೇಡಿಕೆ 18,171 ಕೋಟಿ ರೂಪಾಯಿಯದ್ದು. ಬೆಳೆನಷ್ಟಕ್ಕೆ 4,663 ಕೋಟಿ, ಬದುಕಿಗೆ ಪೆಟ್ಟು ಬಿದ್ದ ಕುಟುಂಬಗಳ ನೆರವಿಗೆ 12,577 ಕೋಟಿ, ಕುಡಿಯುವ ನೀರಿಗೆ 566 ಕೋಟಿ, ಜಾನುವಾರುಗಳಿಗೆ 363 ಕೋಟಿ. ಲೆಕ್ಕ ಅಲ್ಲಿಗೆ ಮುಗಿಯಿತು. ಮನುಷ್ಯನ ಕಾಯಿಲೆಗೆಂದು ಐದನೆಯ ಸಾಲೊಂದು ಅದರಲ್ಲಿರಲಿಲ್ಲ. ಜಾನುವಾರುಗಳಿಗೆ ಕೇಳಿದ್ದು ಹೆಚ್ಚಾಯಿತೆಂದು ನಾವು ಹೇಳುತ್ತಿಲ್ಲ. ಆ ಮೂಕಜೀವಿಗಳ ಪರವಾಗಿ ಯಾರಾದರೂ ಮಾತಾಡಲೇಬೇಕು. ಆದರೆ ಬಾಯಿರುವ ಮನುಷ್ಯನೂ ಇಲ್ಲಿ ಮೂಕನಾಗಿಬಿಟ್ಟನಲ್ಲ, ಅದು ಹೇಗೆ?

ಆ ವರ್ಷ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು. ದಾವಣಗೆರೆ ಜಿಲ್ಲೆಯ ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳೂ ಅದರಲ್ಲಿದ್ದವು. ಹಣಕ್ಕಾಗಿ ರಾಜ್ಯವು 2024ರ ಮಾರ್ಚ್‌ನಲ್ಲಿ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಬೇಕಾಯಿತು. ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಮಂಜೂರಾಯಿತು. ಕೊಡಬೇಕಾದವರು ಕೊಡಲಿಲ್ಲ ಎಂದು ಇವರು, ಕೇಳಬೇಕಾದಂತೆ ಕೇಳಲಿಲ್ಲ ಎಂದು ಅವರು. ಚುನಾವಣೆಯ ಕಾಲವಾದ್ದರಿಂದ ಜಗಳಕ್ಕೆ ರಂಗೂ ಏರಿತು. ಆದರೆ ಇಷ್ಟೆಲ್ಲ ಜಗಳ ನಡೆದ ಆ ಪಟ್ಟಿಯಲ್ಲಿಯೇ ರೋಗಿ ಇರಲಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿದೆಯೇ? ಖಂಡಿತ ಇಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಕಲಮು ಕನಿಷ್ಠ ಪರಿಹಾರದ ಮಾನದಂಡವನ್ನು ವಿವರಿಸುವಾಗ ವಸತಿ, ಆಹಾರ, ಕುಡಿಯುವ ನೀರು, ನೈರ್ಮಲ್ಯಗಳ ಜೊತೆಗೆ ವೈದ್ಯಕೀಯ ರಕ್ಷಣೆಯನ್ನೂ ಹೆಸರಿಸುತ್ತದೆ. ಎಲ್ಲಿ? ಪರಿಹಾರ ಶಿಬಿರಗಳಲ್ಲಿ. ಸಮಸ್ಯೆಯ ಗಂಟು ಇರುವುದು ಈ ಒಂದು ಪದದಲ್ಲಿ.

ಕೂಡ್ಲಿಯಲ್ಲಿ ತುಂಗೆ ಮತ್ತು ಭದ್ರೆ ಒಂದಾಗಿ ಹರಿದು ಹೊನ್ನಾಳಿಗೆ ಬರುತ್ತವೆ. ಗಾಜನೂರಿನ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆಂದರೆ ಹೊನ್ನಾಳಿಯ ಬಾಲರಾಜ ಘಾಟ್‌ನವರು ಗಂಟುಮೂಟೆ ಕಟ್ಟಬೇಕು. 2019ರ ಆಗಸ್ಟ್‌ನಲ್ಲಿ ಆದದ್ದೂ ಅದೇ. ಹಿಂದೆ ಗಂಜಿ ಕೇಂದ್ರ ಎನ್ನುತ್ತಿದ್ದುದನ್ನು ಈಗ ಕಾಳಜಿ ಕೇಂದ್ರ ಎನ್ನಲಾಗುತ್ತದೆ. ಹೆಸರು ಸುಧಾರಿಸಿದೆ, ಸಂತೋಷ. ಅಲ್ಲಿ ಊಟವಿರುತ್ತದೆ, ವೈದ್ಯರೂ ಬಂದು ಹೋಗುತ್ತಾರೆ. ಆದರೆ ನೀರು ಇಳಿದ ಕೂಡಲೇ ಕೇಂದ್ರ ಮುಚ್ಚುತ್ತದೆ. ಇಲಿಜ್ವರದಂತಹ ಕಾಯಿಲೆ ತಲೆ ಎತ್ತುವುದೋ ಕೊಳಚೆ ನೀರಲ್ಲಿ ಕಾಲಿಟ್ಟ ಒಂದೆರಡು ವಾರಗಳ ನಂತರ! ಕೆಸರು ತುಂಬಿದ ಮನೆಯನ್ನು ಬಳಿದು ತೊಳೆದವನಿಗೆ ಜ್ವರ ಬರುವ ಹೊತ್ತಿಗೆ ಸರಕಾರದ ಕಡತದಲ್ಲಿ ಪ್ರವಾಹ ಮುಗಿದಿರುತ್ತದೆ.

ಜಗಳೂರಿನ ಸ್ಥಿತಿ ಇದಕ್ಕಿಂತಲೂ ವಿಚಿತ್ರ. ಬರಕ್ಕೆ ಶಿಬಿರವೇ ಇಲ್ಲ. ಬರವೂ ಈ ಕಾಯ್ದೆಯಡಿ ವಿಪತ್ತೇ ಎಂದು 2016ರ ಮೇ ತಿಂಗಳಲ್ಲಿ ಸ್ವರಾಜ್ ಅಭಿಯಾನ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಸ್ಪಷ್ಟಪಡಿಸಿದೆ. ಹಾಗಿದ್ದೂ ಶಿಬಿರವಿಲ್ಲದ ವಿಪತ್ತಿನಲ್ಲಿ ಕಾನೂನಿನ ವೈದ್ಯಕೀಯ ರಕ್ಷಣೆ ಯಾರ ಮನೆಯ ಬಾಗಿಲಿಗೆ ಬರಬೇಕು? ಅಂತರ್ಜಲ ಕುಸಿದಂತೆ ಕೊಳವೆಬಾವಿ ಆಳಕ್ಕಿಳಿಯುತ್ತದೆ, ಆಳದ ನೀರಲ್ಲಿ ಫ್ಲೋರೈಡ್ ಹೆಚ್ಚಿರುತ್ತದೆ. ಜಗಳೂರಿಗೆ ಇದು ಹಳೆಯ ವ್ಯಥೆ. ಹಲ್ಲು ಕಂದಾಗಿ, ಕೀಲು ಬಿಗಿದು, ಬೆನ್ನು ಬಾಗಿದ ಮೇಲೆ ಅದನ್ನು ಬರದ ನಷ್ಟವೆಂದು ಬರೆದುಕೊಳ್ಳುವ ನಮೂನೆ ಯಾವ ಕಚೇರಿಯಲ್ಲಿದೆ?

ಆಯುಷ್ಮಾನ್ ಕಾರ್ಡ್ ಇದೆಯಲ್ಲ ಎಂಬುದು ಇದಕ್ಕೆ ಸಿಗುವ ಸಿದ್ಧ ಉತ್ತರ. ಹೌದು, ಇದೆ. 2018ರಲ್ಲಿ ಜಾರಿಯಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯಿದೆ. ಅದರಿಂದ ಜೀವ ಉಳಿಸಿಕೊಂಡವರು ನಮ್ಮ ನಡುವೆಯೇ ಇದ್ದಾರೆ. ಅದನ್ನು ಹಳಿಯುವುದು ಕೃತಘ್ನತೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಯೋಜನೆ. ವಿಪತ್ತಿನ ಕಾಯಿಲೆಗಳಲ್ಲಿ ಬಹುಪಾಲು ಹೊರರೋಗಿಯ ಕಾಯಿಲೆಗಳು. ವಾಂತಿ ಭೇದಿ, ಜ್ವರ, ಪ್ರವಾಹದಲ್ಲಿ ಕೊಚ್ಚಿಹೋದ ಬಿಪಿ ಮಾತ್ರೆ, ರಸ್ತೆ ಮುಳುಗಿ ತಪ್ಪಿದ ಡಯಾಲಿಸಿಸ್. ಇನ್ಸುಲಿನ್ ಇಲ್ಲದೆ ಪ್ರಜ್ಞೆ ತಪ್ಪಿದರೆ ಕಾರ್ಡ್ ನಡೆಯುತ್ತದೆ. ಪ್ರಜ್ಞೆ ತಪ್ಪದಿರಲೆಂದು ಇನ್ಸುಲಿನ್ ಕೊಳ್ಳಲು ಹೋದರೆ ನಡೆಯುವುದಿಲ್ಲ!

2024ರ ಡೆಂಗಿಯನ್ನೇ ನೋಡಿ. ಬರದಲ್ಲಿ ನೀರು ಯಾವಾಗ ಬಂದೀತೆಂಬ ಖಾತ್ರಿಯಿಲ್ಲದ ಮನೆಯವರು ಡ್ರಮ್ಮು, ತೊಟ್ಟಿಗಳಲ್ಲಿ ತುಂಬಿಡುತ್ತಾರೆ. ಈಡಿಸ್ ಸೊಳ್ಳೆಗೆ ಬೇಕಾದದ್ದು ಅದೇ. ಆ ಬೇಸಗೆಯಲ್ಲಿ ಚನ್ನಗಿರಿಯ ಅಡಿಕೆ ತೋಟಗಳಿಗೂ ಟ್ಯಾಂಕರ್ ನೀರು ಹೊಡೆಸಬೇಕಾಯಿತೆಂದರೆ ಮನೆಬಳಕೆಯ ನೀರಿನ ಪಾಡನ್ನು ಊಹಿಸಬಹುದು. ಜುಲೈಯಲ್ಲಿ ಸರಕಾರವು ಖಾಸಗಿ ಲ್ಯಾಬ್‌ಗಳಲ್ಲಿ ಡೆಂಗಿಯ ಎಲಿಸಾ ಪರೀಕ್ಷೆಗೆ 300 ರೂಪಾಯಿ ಮಿತಿ ಹಾಕಿತು, ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಎರಡೂ ಒಳ್ಳೆಯ ಕ್ರಮಗಳೇ. ಆದರೆ ಆ ವರ್ಷ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ. ಎರಡು ಬಗೆಯ ಪರೀಕ್ಷೆ ಮಾಡಿಸಿದರೆ ಹೆಚ್ಚುಕಡಿಮೆ ಎರಡು ದಿನದ ದುಡಿಮೆ ಲ್ಯಾಬಿಗೆ ಹೋಯಿತು, ಅದೂ ಜ್ವರದಿಂದ ಕೆಲಸಕ್ಕೆ ಹೋಗಲಾಗದ ದಿನಗಳಲ್ಲಿ.

ಇನ್ನೂ ಒಂದು ಮಾತಿದೆ, ಹೆಚ್ಚಿನವರ ಗಮನಕ್ಕೆ ಬಾರದ್ದು. ವಿಪತ್ತಿನಲ್ಲಿ ತೀವ್ರವಾಗಿ ಗಾಯಗೊಂಡು ವಾರಕ್ಕಿಂತ ಹೆಚ್ಚು ಕಾಲ ಆಸ್ಪತ್ರೆಯಲ್ಲಿದ್ದರೆ 16,000 ರೂಪಾಯಿ, ವಾರಕ್ಕಿಂತ ಕಡಿಮೆಯಾದರೆ 5,400 ರೂಪಾಯಿ ನೀಡಬೇಕೆಂದು 2022–26ರ ಅವಧಿಯ ಪರಿಹಾರ ಮಾನದಂಡ ಹೇಳಿತು. ಅದರ ಜೊತೆಗೇ ಒಂದು ಟಿಪ್ಪಣಿ: ಆಯುಷ್ಮಾನ್ ಭಾರತ್ ಅಡಿ ಚಿಕಿತ್ಸೆ ಪಡೆದವರಿಗೆ ಈ ನೆರವಿಲ್ಲ. ಅಂದರೆ ಬಡವನು ಕಾರ್ಡ್ ತೋರಿಸಿದ್ದೇ ಅನರ್ಹತೆಯಾಯಿತು. ನ್ಯಾಮತಿಯ ಕೂಲಿಕಾರನೊಬ್ಬ ಗೋಡೆ ಕುಸಿದು ಗಾಯಗೊಂಡನೆನ್ನಿ. 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದ ಆ ಊರಿಗೆ ದಾವಣಗೆರೆಗಿಂತ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೇ ಹತ್ತಿರ. ಅಲ್ಲಿ ಆತನ ಮೂಳೆ ಕೂಡಿಸಲು ಕಾರ್ಡ್ ಸಾಕು. ಜೊತೆಗೆ ನಿಂತ ಹೆಂಡತಿಯ ಬಸ್ಸು, ಊಟ, ತಪ್ಪಿದ ಕೂಲಿ, ಮನೆಯಲ್ಲಿ ಬಿಟ್ಟುಬಂದ ಮಕ್ಕಳ ಹೊಟ್ಟೆ, ಇದನ್ನೆಲ್ಲ ಯಾವ ಪ್ಯಾಕೇಜು ಭರಿಸುತ್ತದೆ? ಆ 16,000 ಇರಬೇಕಾದದ್ದು ಇದಕ್ಕಾಗಿ ತಾನೇ?

ದಾನಿಗಳಿದ್ದಾರಲ್ಲ ಎನ್ನುವವರೂ ಇದ್ದಾರೆ. ನೆರೆ ಬಂದಾಗ ಮಸೀದಿಯ ಯುವಕರು, ಮಠದ ಭಕ್ತರು, ಸಂಘಗಳವರು ಒಂದೇ ಒಲೆಯ ಮುಂದೆ ನಿಂತು ಅನ್ನ ಬಡಿಸುವುದು ಈ ನಾಡಿನ ಸೌಭಾಗ್ಯ. ಆದರೆ ತಿಂಗಳುಗಟ್ಟಲೆ ಇನ್ಸುಲಿನ್ ಪೂರೈಸುವುದು ಅವರ ಕೈಲಾಗುವ ಕೆಲಸವಲ್ಲ, ಅವರ ಹೊಣೆಯೂ ಅಲ್ಲ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು: ತಾಲೂಕೊಂದನ್ನು ಬರ ಅಥವಾ ನೆರೆಪೀಡಿತವೆಂದು ಘೋಷಿಸುವ ಆದೇಶದಲ್ಲಿಯೇ ಆರೋಗ್ಯಕ್ಕೆಂದು ಪ್ರತ್ಯೇಕ ಮೊತ್ತ ನಮೂದಾಗಬೇಕು. ಶಿಬಿರವಿರಲಿ ಇಲ್ಲದಿರಲಿ, ಘೋಷಣೆ ಜಾರಿಯಲ್ಲಿರುವಷ್ಟು ಕಾಲ ಮತ್ತು ಆನಂತರದ ಮೂರು ತಿಂಗಳು ಹೊರರೋಗಿಯ ಪರೀಕ್ಷೆ, ಔಷಧಗಳು ಉಚಿತವಾಗಬೇಕು. ಡಯಾಲಿಸಿಸ್ ರೋಗಿಗಳು, ದಿನ ತುಂಬಿದ ಗರ್ಭಿಣಿಯರು ಯಾವ ಮನೆಯಲ್ಲಿದ್ದಾರೆಂದು ಆಶಾ ಕಾರ್ಯಕರ್ತೆಯರಿಗೆ ಗೊತ್ತು. ಆ ಪಟ್ಟಿ ಮಳೆಗಾಲಕ್ಕೆ ಮುನ್ನವೇ ತಹಶೀಲ್ದಾರರ ಮೇಜಿನಲ್ಲಿರಬೇಕು. ಆಯುಷ್ಮಾನ್ ಟಿಪ್ಪಣಿ ಪರಿಹಾರ ಮಾನದಂಡದಲ್ಲಿ ಉಳಿಯಬಾರದು. ಇದಕ್ಕೆ ಕೇಂದ್ರ ಒಪ್ಪಬೇಕು, ನಿಜ. ಆದರೆ ಮೊದಲು ರಾಜ್ಯ ಕೇಳಬೇಕು. ಈ ನಾಲ್ಕು ತಾಲೂಕುಗಳ ಪರವಾಗಿ ವಿಧಾನಸಭೆಯಲ್ಲಿ ಶಾಸಕರಿದ್ದಾರೆ. ಮುಂದಿನ ಅಧಿವೇಶನದಲ್ಲಿ ಅವರಲ್ಲಿ ಒಬ್ಬರಾದರೂ ಎದ್ದುನಿಂತು, ಪರಿಹಾರದ ಮನವಿಯಲ್ಲಿ ರೋಗಿಯ ಸಾಲು ಎಲ್ಲಿ ಎಂದು ಕಂದಾಯ ಸಚಿವರನ್ನು ಕೇಳಲಿ.