ಹಸಿಯಾಗಿಟ್ಟ ಗಾಯ

2013ರ ಮಾರ್ಚ್‌ನಲ್ಲಿ ಚೀನಾದ ನಾಲ್ಕು ಯುದ್ಧನೌಕೆಗಳು ದಕ್ಷಿಣ ಚೀನಾ ಸಮುದ್ರದ ಜೇಮ್ಸ್ ಶೋಲ್‌ಗೆ ಬಂದವು. ಡೆಕ್ಕಿನ ಮೇಲೆ ಸಾಲುಗಟ್ಟಿದ ನಾವಿಕರು ದೇಶದ ಸಾರ್ವಭೌಮತ್ವ ಕಾಯುವ ಪ್ರತಿಜ್ಞೆ ಮಾಡಿದರು. ಅಲ್ಲಿ ಕಾಲಿಡಲು ನೆಲವೇ ಇಲ್ಲ. ಇರುವುದು ನೀರಿನಡಿ 20 ಮೀಟರಿಗೂ ಹೆಚ್ಚು ಆಳದಲ್ಲಿ ಮುಳುಗಿರುವ ಒಂದು ದಿಬ್ಬ. ಮಲೇಷ್ಯಾದ ಕರಾವಳಿಯಿಂದ ಅದು ಸುಮಾರು 80 ಕಿ.ಮೀ. ದೂರ, ಚೀನಾದ ಮುಖ್ಯಭೂಮಿಯಿಂದ ಸುಮಾರು 1,800 ಕಿ.ಮೀ. ಆದರೂ ಚೀನಾದ ಮಕ್ಕಳು ಭೂಗೋಳದ ಪಾಠದಲ್ಲಿ ದೇಶದ ದಕ್ಷಿಣ ತುದಿ ಅದೇ ಎಂದು ಕಲಿಯುತ್ತಾರೆ.

ವಿದೇಶಾಂಗ ನೀತಿಯನ್ನು ನಾವು ಸಾಮಾನ್ಯವಾಗಿ ತೈಲ, ಮೀನು, ಹಡಗುಮಾರ್ಗಗಳ ಲೆಕ್ಕದಲ್ಲಿ ಅಳೆಯುತ್ತೇವೆ. ಆ ಲೆಕ್ಕ ಸುಳ್ಳಲ್ಲ. ಆದರೆ ಒಂದು ದೇಶ ತಾನು ಯಾರೆಂದು ತನ್ನ ಮಕ್ಕಳಿಗೆ ಹೇಳಿಕೊಡುತ್ತದೆ ಎಂಬುದನ್ನು ಬಿಟ್ಟರೆ ಈ ಪ್ರತಿಜ್ಞೆ ಅರ್ಥವಾಗುವುದಿಲ್ಲ. ಅಫೀಮು ಯುದ್ಧದಿಂದ 1949ರವರೆಗಿನ ಕಾಲವನ್ನು ಚೀನಾ 'ಅವಮಾನದ ಶತಮಾನ' ಎಂದು ಕರೆಯುತ್ತದೆ. ಆ ಗಾಯ ಕಟ್ಟುಕತೆಯಲ್ಲ. 1860ರ ಅಕ್ಟೋಬರಿನಲ್ಲಿ ಲಾರ್ಡ್ ಎಲ್ಗಿನ್‌ನ ಆಜ್ಞೆಯಂತೆ ಬ್ರಿಟಿಷ್ ಪಡೆ ಬೀಜಿಂಗಿನ ಯುವಾನ್‌ಮಿಂಗ್‌ಯುವಾನ್ ಅರಮನೆ, ಉದ್ಯಾನಗಳಿಗೆ ಬೆಂಕಿಯಿಟ್ಟಿತು. ಆ ದಂಡಯಾತ್ರೆಯಲ್ಲಿ ನಮ್ಮ ಸಿಪಾಯಿಗಳೂ ಇದ್ದರು. ಇಂದು ಬೆಂಗಳೂರಿನ ಹಲಸೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಪಡೆಯ ಯುದ್ಧಗೌರವಗಳಲ್ಲಿ ಪೀಕಿಂಗಿನ, ಅಂದರೆ ಬೀಜಿಂಗಿನ, ಹೆಸರೂ ಇದೆ. ಚೀನಾದ ಮೇಲೆ ಹೇರಿದ ಅಫೀಮು ಬೆಳೆದದ್ದು ಬಿಹಾರದ, ಮಾಳವದ ಹೊಲಗಳಲ್ಲಿ. ಚೀನೀಯರ ನೋವನ್ನು ಹಗುರವಾಗಿ ತಳ್ಳಿಹಾಕುವ ಹಕ್ಕು ನಮಗಂತೂ ಇಲ್ಲ.

ನನ್ನ ತಕರಾರು ಬೇರೆ. ಅದೇ 1860ರಲ್ಲಿ, ಅದೇ ಬೀಜಿಂಗಿನಲ್ಲಿ ಆದ ಒಪ್ಪಂದದಿಂದ ಉಸ್ಸುರಿ ನದಿಯ ಪೂರ್ವದ ವಿಶಾಲ ಪ್ರದೇಶ ರಷ್ಯಾದ ಪಾಲಾಯಿತು. ವ್ಲಾಡಿವಾಸ್ಟಾಕ್ ಇರುವುದು ಆ ನೆಲದಲ್ಲಿ. ಸುಟ್ಟ ಉದ್ಯಾನವನ್ನು ಮರೆಯಬಾರದು ಎನ್ನುವ ಸರ್ಕಾರ ಕಳೆದುಹೋದ ಈ ನೆಲದ ಬಗ್ಗೆ ಸುಮ್ಮನಿದೆ. 1969ರಲ್ಲಿ ಉಸ್ಸುರಿಯ ಒಂದು ಪುಟ್ಟ ದ್ವೀಪಕ್ಕಾಗಿ ಗುಂಡು ಹಾರಿಸಿಕೊಂಡ ಎರಡೂ ದೇಶಗಳು 2004ರಲ್ಲಿ ಕೂತು ಗಡಿ ಇತ್ಯರ್ಥ ಮಾಡಿಕೊಂಡವು. ಹಾಗಾದರೆ ಯಾವ ಗಾಯ ಮಾಗಬೇಕು, ಯಾವುದು ಹಸಿಯಾಗಿರಬೇಕು ಎಂಬುದನ್ನು ಇತಿಹಾಸವಲ್ಲ, ಆಳುವವರು ತೀರ್ಮಾನಿಸುತ್ತಾರೆ.

1989ರಲ್ಲಿ ತಿಯಾನನ್ಮೆನ್ ಚಳವಳಿಯನ್ನು ರಕ್ತ ಹರಿಸಿ ಅಡಗಿಸಿದ ಕಮ್ಯುನಿಸ್ಟ್ ಪಕ್ಷಕ್ಕೆ ಜನರ ಮುಂದೆ ನಿಲ್ಲಲು ಹೊಸ ಕಾರಣ ಬೇಕಿತ್ತು. 1994ರಲ್ಲಿ ದೇಶಭಕ್ತಿ ಶಿಕ್ಷಣದ ಕಾರ್ಯಕ್ರಮ ಬಂತು. ವರ್ಗಸಂಘರ್ಷ ಹಿಂದೆ ಸರಿದು ಪರಕೀಯರ ದೌರ್ಜನ್ಯ ಪಾಠಗಳ ನಡುಮನೆಗೆ ಬಂತು. ಆ ಪಾಠ ಕಲಿತ ಮಕ್ಕಳು ಈಗ ದೊಡ್ಡವರು. ಇನ್ನು ಸರ್ಕಾರ ಒಂದು ದಿಬ್ಬದ ವಿಷಯದಲ್ಲಿ ರಾಜಿಯಾದರೂ ಅವರ ಕಣ್ಣಿಗೆ ಅದು ದ್ರೋಹ. ಕಲಿಸಿದವರ ಕೈಯನ್ನೇ ಕಲಿಸಿದ ಪಾಠ ಕಟ್ಟಿಹಾಕಿದೆ.

2012ರಲ್ಲಿ ಚೀನಾ ತನ್ನ ಹೊಸ ಪಾಸ್‌ಪೋರ್ಟುಗಳಲ್ಲಿ ಅರುಣಾಚಲವನ್ನೂ ದಕ್ಷಿಣ ಚೀನಾ ಸಮುದ್ರವನ್ನೂ ಸೇರಿಸಿ ನಕ್ಷೆ ಮುದ್ರಿಸಿತು. ಭಾರತ ವೀಸಾಗಳಲ್ಲಿ ತನ್ನ ನಕ್ಷೆ ಒತ್ತಿ ಉತ್ತರ ಕೊಟ್ಟಿತು. ಹಾಗೆ ಉತ್ತರ ಕೊಡುವ ಬಲ ನಮಗಿದೆ. ಫಿಲಿಪೈನ್ಸಿನ ಮೀನುಗಾರರಿಗೆ ಅದಿಲ್ಲ. ಅದೇ ವರ್ಷದಿಂದ ಆ ಸಮುದ್ರದ ಸ್ಕಾರ್ಬರೋ ಶೋಲ್ ಚೀನಾದ ಹಿಡಿತದಲ್ಲಿದೆ. ತಲೆಮಾರುಗಳಿಂದ ಅಲ್ಲಿ ಬಲೆ ಬೀಸುತ್ತಿದ್ದವರನ್ನು ಕಾವಲು ಹಡಗುಗಳು ಅಟ್ಟಿದವು. ಅವರನ್ನು ತಡೆದದ್ದು ಕಾನೂನುಬಾಹಿರ ಎಂದು ಹೇಗ್‌ನ ನ್ಯಾಯಮಂಡಳಿ 2016ರ ಜುಲೈನಲ್ಲಿ ತೀರ್ಪು ಕೊಟ್ಟಿತು. ಬೀಜಿಂಗ್ ಒಪ್ಪಲಿಲ್ಲ. ಕಳೆದುಕೊಂಡದ್ದನ್ನಷ್ಟೇ ಮರಳಿ ಪಡೆಯುತ್ತಿದ್ದೇವೆ ಎಂದು ಎಳವೆಯಿಂದ ನಂಬಿ ಬೆಳೆದ ಕಾವಲು ಹಡಗಿನವನಿಗೆ, ಹೊಟ್ಟೆಪಾಡಿಗೆ ದೋಣಿ ತಂದ ಆ ಮೀನುಗಾರ ಅತಿಕ್ರಮಣಕಾರನಾಗಿಯೇ ಕಾಣುತ್ತಾನೆ.