ಬೇಲಿಯೇ ಎದ್ದು ಹೊಲ ಮೇಯ್ದಾಗ

2024ರ ಜುಲೈ 19, ಶುಕ್ರವಾರ. ನೆದರ್‌ಲ್ಯಾಂಡ್ಸ್‌ನಲ್ಲಿ ಬೆಳಗಿನ 6 ಗಂಟೆ 9 ನಿಮಿಷ, ಬೆಂಗಳೂರಿನಲ್ಲಿ 9 ಗಂಟೆ 39 ನಿಮಿಷ. ಅಮೆರಿಕದ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಸಂಸ್ಥೆ ತನ್ನ ಗ್ರಾಹಕರ ಕಂಪ್ಯೂಟರುಗಳಿಗೆ ಒಂದು ಸಣ್ಣ ಕಡತವನ್ನು ಕಳುಹಿಸಿತು. 78 ನಿಮಿಷಗಳ ಬಳಿಕ ಅದನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದಿದ್ದವು. ಬೇಸಿಗೆ ರಜೆಯ ದಟ್ಟಣೆಯ ನಡುವೆ ಕೆಎಲ್ಎಂ ತನ್ನ ಬಹುಪಾಲು ಹಾರಾಟವನ್ನು ನಿಲ್ಲಿಸಿತು. ಸ್ಖಿಪೋಲ್ ವಿಮಾನ ನಿಲ್ದಾಣದಲ್ಲಿ ಸಾಲುಗಳು ಬೆಳೆದವು. ಎಮ್ಮೆನ್ ಪಟ್ಟಣದ ಸ್ಖೇಪರ್ ಆಸ್ಪತ್ರೆ ತನ್ನ ತುರ್ತು ಚಿಕಿತ್ಸಾ ವಿಭಾಗವನ್ನು ಮುಚ್ಚಬೇಕಾಯಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಕೈಬರಹದಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು.

ಮರುದಿನದ ಹೊತ್ತಿಗೆ ಈ ಇಡೀ ಘಟನೆಗೆ ಒಂದು ಹೆಸರು ಸಿಕ್ಕಿತ್ತು: ‘ತಾಂತ್ರಿಕ ದೋಷ’. ನಮ್ಮ ತಕರಾರು ಈ ಎರಡು ಪದಗಳಿಂದಲೇ ಆರಂಭವಾಗಬೇಕು. ಈ ಮಾತಿಗೆ ಕರ್ತೃವಿಲ್ಲ. ಮಳೆ ಬಂತು, ಸಿಡಿಲು ಬಡಿಯಿತು ಎನ್ನುವಂತೆ ದೋಷವೂ ಆಕಾಶದಿಂದ ಬಂತು ಎಂದು ಅದು ನಂಬಿಸುತ್ತದೆ. ಆದರೆ ಅಂದು ನಡೆದದ್ದು ಕಳ್ಳರ ದಾಳಿಯೂ ಅಲ್ಲ, ಪ್ರಕೃತಿಯ ವಿಕೋಪವೂ ಅಲ್ಲ. ಕಾವಲಿಗೆಂದು ಹಣ ಕೊಟ್ಟು ಕಟ್ಟಿಸಿಕೊಂಡ ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಸಂಸ್ಥೆಯೇ ಆಗಸ್ಟ್‌ನಲ್ಲಿ ಪ್ರಕಟಿಸಿದ ಕಾರಣ ವಿಶ್ಲೇಷಣೆಯನ್ನು ಓದಿದರೆ ಸಂಗತಿ ತೀರಾ ಸರಳ. ಹೊಸ ಕಡತ 21 ಮಾಹಿತಿಗಳನ್ನು ನಿರೀಕ್ಷಿಸುತ್ತಿತ್ತು; ಅದನ್ನು ಓದುವ ತಂತ್ರಾಂಶ 20ನ್ನು ಮಾತ್ರ ಒದಗಿಸುತ್ತಿತ್ತು. ಇಪ್ಪತ್ತೊಂದನೆಯದನ್ನು ಹುಡುಕುತ್ತ ಅದು ತನ್ನದಲ್ಲದ ಸ್ಮೃತಿಕೋಶಕ್ಕೆ ಕೈಹಾಕಿತು. ಸಾಮಾನ್ಯ ತಂತ್ರಾಂಶವಾಗಿದ್ದರೆ ಅದೊಂದೇ ಸಾಯುತ್ತಿತ್ತು. ಇದು ಕಾರ್ಯಾಚರಣ ವ್ಯವಸ್ಥೆಯ ಗರ್ಭಗುಡಿಯಾದ ಕರ್ನಲ್‌ನಲ್ಲಿ ಕುಳಿತಿದ್ದರಿಂದ ಯಂತ್ರವನ್ನೇ ಕೆಡವಿತು. ಇಂಥ ಕಡತಗಳನ್ನು ಮೊದಲು ನೂರು ಯಂತ್ರಗಳಿಗೆ, ಬಳಿಕ ಸಾವಿರ ಯಂತ್ರಗಳಿಗೆ ಎಂದು ಹಂತಹಂತವಾಗಿ ಕಳುಹಿಸುವ ಪದ್ಧತಿ ಅಲ್ಲಿರಲಿಲ್ಲ. ಅದನ್ನು ಸಂಸ್ಥೆ ಅಳವಡಿಸಿಕೊಂಡದ್ದು ಆಮೇಲೆ: ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ. ಹಂತಹಂತವಾಗಿ ಬಿಡುಗಡೆ ಮಾಡಬೇಕೆಂಬುದು ನಮ್ಮ ಕ್ಷೇತ್ರದಲ್ಲಿ ಹೊಸಬರಿಗೂ ಗೊತ್ತಿರುವ ಪಾಠ. ಅದನ್ನು ಬಿಟ್ಟದ್ದು ಕೈತಪ್ಪಿನಿಂದಲ್ಲ. ವೇಗವೇ ಮಾರಾಟದ ಸರಕಾಗಿರುವ ವ್ಯಾಪಾರದ ನಿರ್ಧಾರ ಅದು.

ಇದು ಮೊದಲ ಸಲವೂ ಅಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫಿ ಸಂಸ್ಥೆಯ ವೈರಸ್ ನಿರೋಧಕ ತಂತ್ರಾಂಶ ವಿಂಡೋಸ್ ಎಕ್ಸ್‌ಪಿಯ ಒಂದು ಅತ್ಯಗತ್ಯ ಕಡತವನ್ನೇ ವೈರಸ್ ಎಂದು ಭಾವಿಸಿ ಯಂತ್ರಗಳನ್ನು ಕೆಡವಿತ್ತು. ಅಂದು ಆ ಸಂಸ್ಥೆಯ ಮುಖ್ಯ ತಂತ್ರಜ್ಞಾನ ಅಧಿಕಾರಿಯಾಗಿದ್ದವರು ಜಾರ್ಜ್ ಕರ್ಟ್ಜ್. 2024ರಲ್ಲಿ ಕ್ರೌಡ್‌ಸ್ಟ್ರೈಕ್‌ನ ಮುಖ್ಯಸ್ಥರೂ ಅವರೇ. ಒಬ್ಬ ವ್ಯಕ್ತಿಯನ್ನು ದೂಷಿಸಲು ಇದನ್ನು ಹೇಳುತ್ತಿಲ್ಲ. ಹದಿನಾಲ್ಕು ವರ್ಷಗಳ ಅಂತರದಲ್ಲಿ ಅದೇ ಬಗೆಯ ಕುಸಿತ ಮರುಕಳಿಸುವಾಗ, ಮೊದಲನೆಯದರಿಂದ ಪಾಠ ಕಲಿಯಲೇಬೇಕೆಂದು ಒತ್ತಾಯಿಸುವ ಯಾವ ಸಾರ್ವಜನಿಕ ಏರ್ಪಾಡೂ ಈ ಉದ್ಯಮದಲ್ಲಿ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಇನ್ನು ದುರಸ್ತಿಯ ಮಾತು. ಕಡತ ಹೋದದ್ದು ಒಂದು ಗುಂಡಿಯ ಒತ್ತುವಿಕೆಯಿಂದ. ಅದನ್ನು ತೆಗೆಯಲು ಮನುಷ್ಯರೇ ಬೇಕಾದರು. ಮತ್ತೆಮತ್ತೆ ಕುಸಿಯುತ್ತಿದ್ದ ಯಂತ್ರದ ಮುಂದೆ ಕುಳಿತು, ಅದನ್ನು ಸೇಫ್ ಮೋಡ್‌ನಲ್ಲಿ ಎಬ್ಬಿಸಿ, ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಗಳ ಕೀಲಿಯನ್ನು ತುಂಬಿ, ಆ ಕಡತವನ್ನು ಅಳಿಸಿ, ಮತ್ತೆ ಚಾಲೂ ಮಾಡಬೇಕಿತ್ತು. ಅನೇಕ ಕಡೆ ಆ ಕೀಲಿಗಳನ್ನು ಇಟ್ಟಿದ್ದ ಸರ್ವರುಗಳೇ ಕುಸಿದಿದ್ದವು. ಸಂಸ್ಥೆಯ ಮೊದಲ ತಾಂತ್ರಿಕ ಸೂಚನೆ ಗ್ರಾಹಕರು ಲಾಗಿನ್ ಆದರೆ ಮಾತ್ರ ಕಾಣುವಂತಿತ್ತು. ಮನೆ ಉರಿಯುವಾಗ ಬಾವಿಗೆ ಬೀಗ! ಆ ವಾರಾಂತ್ಯವನ್ನು ಕಳೆದುಕೊಂಡವರು ಹೆಲ್ಪ್‌ಡೆಸ್ಕಿನವರು, ಗುತ್ತಿಗೆಯ ತಂತ್ರಜ್ಞರು, ರಾತ್ರಿ ಪಾಳಿಯವರು. ಇತ್ತ ಸಂಸ್ಥೆಯ ಹೊಣೆ ಎಷ್ಟು? 50 ಕೋಟಿ ಡಾಲರ್ ನಷ್ಟವಾಯಿತೆಂದ ಡೆಲ್ಟಾ ವಿಮಾನ ಸಂಸ್ಥೆಗೆ ಕ್ರೌಡ್‌ಸ್ಟ್ರೈಕ್‌ನ ವಕೀಲರು ಕೊಟ್ಟ ಉತ್ತರವೆಂದರೆ, ಕರಾರಿನ ಪ್ರಕಾರ ನಮ್ಮ ಹೊಣೆ ಒಂದಂಕಿಯ ಮಿಲಿಯನ್ ಡಾಲರುಗಳಿಗೆ ಸೀಮಿತ ಎಂದು. ಲಾಭ ಜಗದಗಲ, ಹೊಣೆ ಮಾತ್ರ ಅಂಗೈಯಗಲ.

ಈಗ ನಾವು ಬದುಕುತ್ತಿರುವ ಈ ನಾಡಿನ ಇನ್ನೊಂದು ಕುಸಿತವನ್ನು ನೆನೆಯೋಣ. 2009ರ ಫೆಬ್ರವರಿ 25ರಂದು ಟರ್ಕಿಶ್ ಏರ್‌ಲೈನ್ಸ್‌ನ 1951 ಸಂಖ್ಯೆಯ ವಿಮಾನ ಸ್ಖಿಪೋಲ್‌ನ ರನ್‌ವೇ ತಲುಪುವ ಮೊದಲೇ ಹೊಲವೊಂದರಲ್ಲಿ ಬಿತ್ತು. 9 ಜನ ಸತ್ತರು. ಎತ್ತರ ಅಳೆಯುವ ಉಪಕರಣವೊಂದು ತಪ್ಪು ಅಂಕಿ ತೋರಿಸಿತ್ತು. ಅದನ್ನು ನಂಬಿದ ಸ್ವಯಂಚಾಲಿತ ವ್ಯವಸ್ಥೆ ಎಂಜಿನ್‌ನ ಶಕ್ತಿಯನ್ನು ಇಳಿಸಿತ್ತು. ಡಚ್ ಸುರಕ್ಷತಾ ಮಂಡಳಿ ತನಿಖೆ ನಡೆಸಿ ಮರುವರ್ಷ ವರದಿಯನ್ನು ಎಲ್ಲರ ಮುಂದಿಟ್ಟಿತು. ಅಂಥ ದೋಷಗಳು ಮೊದಲೇ ಕಂಡಿದ್ದವು, ಅವುಗಳಲ್ಲಿ ವರದಿಯಾದದ್ದು ಕೆಲವೇ ಎಂಬುದು ಆ ವರದಿಯ ಮುಖ್ಯ ಸಂಗತಿಗಳಲ್ಲೊಂದು. ವಿಮಾನಯಾನದಲ್ಲಿ ಇಂದು ದೋಷವನ್ನು ವರದಿ ಮಾಡುವುದು ಐರೋಪ್ಯ ಕಾನೂನಿನ ಪ್ರಕಾರ ಕಡ್ಡಾಯ. 2014ರ ಆ ನಿಯಮ ವರದಿ ಮಾಡಿದ ನೌಕರನಿಗೆ ರಕ್ಷಣೆಯನ್ನೂ ಕೊಡುತ್ತದೆ. ಹಾರುವ ವಿಮಾನದ ದೋಷ ಸಾರ್ವಜನಿಕರ ಸ್ವತ್ತು. ಅದೇ ವಿಮಾನವನ್ನು ನೆಲದ ಮೇಲೆ ಕಟ್ಟಿಹಾಕಿದ ತಂತ್ರಾಂಶದ ದೋಷ ಮಾತ್ರ ಖಾಸಗಿ ರಹಸ್ಯ. ಕ್ರ್ಯಾಶ್ ಡಂಪ್ ಎಂದು ನಾವು ಕರೆಯುವ, ಕುಸಿತದ ಕ್ಷಣದ ಸಾಕ್ಷ್ಯ ನಮ್ಮ ಯಂತ್ರದಿಂದ ಹೊರಟು ಮಾರಾಟಗಾರರ ಉಗ್ರಾಣ ಸೇರುತ್ತದೆ. ನಮಗೆ ಸಿಗುವುದು ಒಂದು ದೂರಿನ ಸಂಖ್ಯೆ.

ಇದನ್ನು ಹೇಳುವ ಮೊದಲಿಗರು ನಾವಲ್ಲ. 2020ರ ಜನವರಿಯಲ್ಲಿ ಸಿಟ್ರಿಕ್ಸ್ ತಂತ್ರಾಂಶದ ಬಿರುಕಿನಿಂದಾಗಿ ಇಲ್ಲಿನ ಕಚೇರಿಗಳು ಮನೆಯಿಂದ ಕೆಲಸ ಮಾಡುವ ದಾರಿಯನ್ನೇ ಮುಚ್ಚಿದಾಗ, ರಸ್ತೆಯ ವಾಹನಸಾಲಿಗೆ ಜನ ‘ಸಿಟ್ರಿಕ್ಸ್ ಫಿಲೆ’ ಎಂದು ಹೆಸರಿಟ್ಟರು. 2021ರ ಡಿಸೆಂಬರ್‌ನಲ್ಲಿ ಅದೇ ಸುರಕ್ಷತಾ ಮಂಡಳಿ ಆ ಪ್ರಕರಣದ ವರದಿ ನೀಡಿತು. ಅಪಾಯದ ಮಾಹಿತಿ ಎಲ್ಲ ಸಂತ್ರಸ್ತರಿಗೂ ತಲುಪಲಿಲ್ಲ, ತಯಾರಕರ ಹೊಣೆಯನ್ನು ಬಿಗಿಗೊಳಿಸಬೇಕು ಎಂದು ಅದು ಹೇಳಿತು. ಎರಡೂವರೆ ವರ್ಷಗಳ ಬಳಿಕ ಸ್ಖಿಪೋಲ್‌ನ ಪರದೆಗಳು ನೀಲಿಯಾದವು.

ಹೊಸ ಕಾನೂನುಗಳು ಬರುತ್ತಿವೆಯಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಬರುತ್ತಿರುವುದು ನಿಜ. 2024ರಲ್ಲಿ ಅಂಗೀಕಾರವಾದ ಐರೋಪ್ಯ ಉತ್ಪನ್ನ ಹೊಣೆಗಾರಿಕೆ ನಿರ್ದೇಶನ ತಂತ್ರಾಂಶವನ್ನೂ ಉತ್ಪನ್ನವೆಂದೇ ಪರಿಗಣಿಸುತ್ತದೆ. 2026ರ ಡಿಸೆಂಬರ್ 9ರೊಳಗೆ ಸದಸ್ಯ ದೇಶಗಳು ಅದನ್ನು ಜಾರಿಗೆ ತರಬೇಕು. ಇದು ದೊಡ್ಡ ಹೆಜ್ಜೆ. ಆದರೆ ಸಾವು, ಗಾಯ, ಆಸ್ತಿಹಾನಿಗಳನ್ನು ಅದು ಲೆಕ್ಕಕ್ಕೆ ಹಿಡಿಯುತ್ತದೆಯೇ ಹೊರತು, ಬರಿಯ ಆರ್ಥಿಕ ನಷ್ಟವನ್ನಲ್ಲ. ತಪ್ಪಿಹೋದ ವಿಮಾನಕ್ಕಾಗಲಿ, ಹೆಲ್ಪ್‌ಡೆಸ್ಕಿನವರ ಹಾಳಾದ ವಾರಾಂತ್ಯಕ್ಕಾಗಲಿ ಅಲ್ಲಿ ಬೆಲೆಯಿಲ್ಲ.

ಇನ್ನೊಂದು ವಾದವಿದೆ: ಕಾವಲಿಲ್ಲದಿದ್ದರೆ ಕಳ್ಳರು ಬರುವುದಿಲ್ಲವೇ? ಬರುತ್ತಾರೆ. 2019ರ ಡಿಸೆಂಬರ್‌ನಲ್ಲಿ ಮಾಸ್ಟ್ರಿಖ್ಟ್ ವಿಶ್ವವಿದ್ಯಾಲಯ ಸುಲಿಗೆಕೋರರಿಗೆ ಸುಮಾರು 2 ಲಕ್ಷ ಯೂರೋ ತೆತ್ತು ತನ್ನ ಕಡತಗಳನ್ನು ಬಿಡಿಸಿಕೊಂಡಿತು. ಭದ್ರತೆ ಬೇಕು ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಮನೆಯ ಎಲ್ಲ ಕೋಣೆಗಳ ಕೀಲಿಯನ್ನೂ ಕಾವಲುಗಾರನ ಕೈಗೆ ಕೊಟ್ಟಿರುವುದರಿಂದಲೇ ಅವನಿಂದ ಎಲ್ಲರಿಗಿಂತ ಹೆಚ್ಚು ಲೆಕ್ಕ ಕೇಳಬೇಕಾಗುತ್ತದೆ.

ಕೊನೆಯದಾಗಿ ನಮ್ಮ ಕಡೆಗೇ ಬೆರಳು ತಿರುಗಬೇಕು. ಈ ದೇಶದಲ್ಲಿರುವ ಕನ್ನಡಿಗರಲ್ಲಿ ಬಹಳಷ್ಟು ಜನ ಐಂಡ್‌ಹೋವನ್, ಆಮ್‌ಸ್ಟೆಲ್‌ವೇನ್‌ಗಳಲ್ಲಿ ಇದೇ ಯಂತ್ರಗಳ ನಡುವೆ ದುಡಿಯುವವರು. ನಾವು ಪ್ಯಾಲೆಸ್ತೀನಿನ ಬಗ್ಗೆ, ಪೌರತ್ವ ಕಾಯ್ದೆಯ ಬಗ್ಗೆ, ಜಾತಿಯ ಬಗ್ಗೆ ಬರೆದಿದ್ದೇವೆ. ನಮ್ಮದೇ ಕೆಲಸದ ಮೇಜಿನ ರಾಜಕೀಯದ ಬಗ್ಗೆ ಮಾತ್ರ ಮೌನ. ಈ ಮೌನಕ್ಕೆ ಕಾರಣವೂ ಇದೆ. ನಮ್ಮ ವಾಸದ ಪರವಾನಗಿ ಮಾಲೀಕನ ಹೆಸರಿಗೆ ಜೋತುಬಿದ್ದಿದೆ. ಕೆಲಸ ಹೋದರೆ ಇನ್ನೊಂದನ್ನು ಹುಡುಕಲು ಮೂರು ತಿಂಗಳ ಗಡುವು. ಈ ತಂತ್ರಾಂಶದಿಂದಲೇ ಯಂತ್ರ ಕುಸಿಯುತ್ತಿದೆ ಎಂದು ಲಿಖಿತವಾಗಿ ಹೇಳಲು, ಅದನ್ನು ಕೊಂಡ ಅಧಿಕಾರಿಯ ಕೋಪ ನೆನೆದರೆ, ಕೈ ನಡುಗುತ್ತದೆ. ಭಯ ನಿಜವಾದದ್ದೇ. ಆದರೆ ಇಲ್ಲಿನ ಕಾನೂನು ನಮಗೊಂದು ಬಾಗಿಲನ್ನೂ ಕೊಟ್ಟಿದೆ. 50 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಯಲ್ಲಿ ನೌಕರರ ಮಂಡಳಿ, ಎಂದರೆ ಒಂಡರ್‌ನೇಮಿಂಗ್ಸ್‌ರಾಡ್, ಇರಲೇಬೇಕು. ಮುಖ್ಯವಾದ ತಂತ್ರಜ್ಞಾನವನ್ನು ಅಳವಡಿಸುವಾಗ ಆಡಳಿತ ಅದರ ಸಲಹೆ ಕೇಳಬೇಕು. ನೌಕರರ ಮೇಲೆ ನಿಗಾ ಇಡಬಲ್ಲ ವ್ಯವಸ್ಥೆಯಾದರೆ ಒಪ್ಪಿಗೆಯನ್ನೇ ಪಡೆಯಬೇಕು. ಅದಕ್ಕೆ ಸ್ಪರ್ಧಿಸಲು ಡಚ್ ಪಾಸ್‌ಪೋರ್ಟ್ ಬೇಕಿಲ್ಲ. ನಮ್ಮಲ್ಲಿ ಎಷ್ಟು ಜನ ಸ್ಪರ್ಧಿಸಿದ್ದೇವೆ?

ಬೆಂಗಳೂರಿನತ್ತ ನೋಡಿ. ಯಂತ್ರಗಳು ಕುಸಿದ ಅದೇ ಜುಲೈ ತಿಂಗಳಲ್ಲಿ ಐಟಿ ನೌಕರರ ದುಡಿಮೆಯ ಅವಧಿಯನ್ನು ಹಿಗ್ಗಿಸುವ ಪ್ರಸ್ತಾವ ಕರ್ನಾಟಕ ಸರ್ಕಾರದ ಮುಂದೆ ಬಂದಿತ್ತು. ಅದು ದಿನಕ್ಕೆ 14 ಗಂಟೆಗಳ ದುಡಿಮೆಗೆ ದಾರಿ ಎಂದು ಕರ್ನಾಟಕ ರಾಜ್ಯ ಐಟಿ ನೌಕರರ ಸಂಘಟನೆ ಕಿಟು ಬೀದಿಗಿಳಿದು ಪ್ರತಿಭಟಿಸಿತು. ಅಲ್ಲಿ ಅಷ್ಟು ಸೌಲಭ್ಯವಿಲ್ಲದವರು ದನಿಯೆತ್ತಿದ್ದಾರೆ. ಇಲ್ಲಿ ಕಾನೂನಿನ ರಕ್ಷಣೆಯಿರುವ ನಾವು ನೀಲಿ ಪರದೆಯ ನಗೆಹನಿಗಳನ್ನು ಒಬ್ಬರಿಂದೊಬ್ಬರಿಗೆ ಕಳುಹಿಸುತ್ತಿದ್ದೆವು.

ನಮ್ಮ ಬೇಡಿಕೆಗಳು ಅಸಾಧ್ಯವಾದವಲ್ಲ. ಭದ್ರತಾ ತಂತ್ರಾಂಶದಿಂದಾದ ಪ್ರತಿಯೊಂದು ದೊಡ್ಡ ಕುಸಿತವನ್ನೂ ನಿಗದಿತ ಅವಧಿಯೊಳಗೆ ಸಾರ್ವಜನಿಕ ಸಂಸ್ಥೆಗೆ ವರದಿ ಮಾಡುವುದು ಕಡ್ಡಾಯವಾಗಲಿ. ಅದರ ಕಾರಣವನ್ನು ಮಾರಾಟಗಾರರ ಬದಲು ಸ್ವತಂತ್ರ ತನಿಖಾಧಿಕಾರಿಗಳು ಬರೆಯಲಿ. ಆಸ್ಪತ್ರೆ, ಸಾರಿಗೆಗಳಿಗೆ ಮಾರುವ ತಂತ್ರಾಂಶಕ್ಕೆ ಹೊಣೆಯ ಮಿತಿ ಹೇರುವ ಕರಾರುಗಳು ಅಸಿಂಧುವಾಗಲಿ. ವರದಿ ಮಾಡಿದ ನೌಕರನ ಕೆಲಸಕ್ಕೂ ಅವನ ವೀಸಾಕ್ಕೂ ಕುತ್ತು ಬಾರದಿರಲಿ. ದುರಸ್ತಿಯ ರಾತ್ರಿಗಳಿಗೆ ಕೂಲಿ ಸಿಗಲಿ.

ಮುಂದಿನ ಸಲ ನಿಮ್ಮ ಕಚೇರಿಯಲ್ಲಿ ಪರದೆ ನೀಲಿಯಾದಾಗ ದಿನಾಂಕ, ಸಮಯ, ಕುಸಿತದ ಸಂಕೇತ, ಅಂದು ಬಂದಿದ್ದ ಅಪ್‌ಡೇಟ್ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಒಂದು ಪ್ರತಿ ಹೆಲ್ಪ್‌ಡೆಸ್ಕಿಗೆ ಹೋಗಲಿ, ಇನ್ನೊಂದು ನೌಕರರ ಮಂಡಳಿಗೆ. ಬೇಲಿ ಹಾಕಿದವನಿಂದ ಲೆಕ್ಕ ಕೇಳುವ ಹಕ್ಕು ಹೊಲದಲ್ಲಿ ದುಡಿಯುವವರದು.