ಒಂದು ಬಾಗಿಲು ಮುಚ್ಚಿತು, ಉಳಿದವನ್ನು ತಟ್ಟಿದ್ದೇವೆಯೇ?

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ಕೇಳುವ ಮಾತು ಹೆಚ್ಚುಕಮ್ಮಿ ಒಂದೇ. ನೀಟ್‌ನಲ್ಲಿ ಎಷ್ಟು ಬಂತು, ಸಿಇಟಿ ರ‍್ಯಾಂಕ್ ಎಷ್ಟು, ಸೀಟು ಎಲ್ಲಿ ಸಿಗಬಹುದು. ಅದರಲ್ಲಿ ತಪ್ಪೇನೂ ಇಲ್ಲ. ಒಂದು ತಲೆಮಾರಿನ ಹಿಂದೆ ಹತ್ತನೆಯ ತರಗತಿ ದಾಟುವುದೇ ದೊಡ್ಡದಾಗಿದ್ದ ಮನೆಗಳಿಂದ ಇವತ್ತು ಡಾಕ್ಟರು, ಇಂಜಿನಿಯರುಗಳು ಬರುತ್ತಿದ್ದಾರೆ. ಆದರೆ ಅದೇ ಮನೆಯ ಇನ್ನೊಂದು ಮಗು ಬಿಎ ಮುಗಿಸಿ, ಎಂಎ ಮಾಡಿ, "ನನಗೆ ಮಾನವಶಾಸ್ತ್ರದಲ್ಲಿ ಸಂಶೋಧನೆ ಮಾಡ್ಬೇಕು" ಎಂದರೆ ಮನೆ ಮೌನವಾಗುತ್ತದೆ. ಸ್ವಲ್ಪ ಹೊತ್ತು ಕಳೆದು ಯಾರಾದರೂ ಕೇಳುತ್ತಾರೆ: "ಅದೆಂತ ಅದು? ಅದು ಓದಿ ಎಂತ ಮಾಡ್ಲಿಕ್ಕುಂಟು? ಹಣ ಯಾರು ಕೊಡುವುದು?"

ಮೊದಲ ಎರಡು ಪ್ರಶ್ನೆಗಳಿಗೆ ಮಗುವೇ ಉತ್ತರ ಹೇಳಬಹುದು. ಮೂರನೆಯದಕ್ಕೆ ಉತ್ತರ ಗೊತ್ತಿಲ್ಲದೆ ಎಷ್ಟೋ ಮಕ್ಕಳು ಓದು ನಿಲ್ಲಿಸಿದ್ದಾರೆ. ಇವತ್ತು ನಾವು ಬರೆಯಹೊರಟದ್ದು ಆ ಮೂರನೆಯ ಪ್ರಶ್ನೆಯ ಬಗ್ಗೆ.

ಮಾನವಶಾಸ್ತ್ರವೆಂದರೆ ಮನುಷ್ಯರು ಹೇಗೆ ಬದುಕುತ್ತಾರೆ ಎಂಬುದನ್ನು ಅವರ ನಡುವೆ ಇದ್ದು, ನೋಡಿ, ಕೇಳಿ ತಿಳಿಯುವ ವಿದ್ಯೆ. ಇದಕ್ಕೆ ದೊಡ್ಡ ಯಂತ್ರ ಬೇಡ, ಪ್ರಯೋಗಾಲಯ ಬೇಡ. ಬೇಕಾದದ್ದು ಸಮಯ. ಒಂದು ಊರಿನಲ್ಲಿ ವರ್ಷಗಟ್ಟಲೆ ಕೂತು ಜನರ ಮಾತು ಕೇಳುವ ಸಮಯ. ಆ ಸಮಯದ ಅನ್ನ, ಬಾಡಿಗೆ, ಬಸ್ಸಿನ ಖರ್ಚು ಯಾರಾದರೂ ಕೊಡಬೇಕಲ್ಲ, ಅದನ್ನು ಕೊಡುವುದೇ ಫೆಲೋಶಿಪ್. ಇದು ಬಡವರಿಗೆ ಕೊಡುವ ದಾನವಲ್ಲ. ಬಡ್ಡಿಯ ಸಾಲವೂ ಅಲ್ಲ. ಒಳ್ಳೆಯ ಪ್ರಶ್ನೆಯೊಂದನ್ನು ಹಿಡಿದು ಕೆಲಸ ಮಾಡುವವರಿಗೆ ಸಿಗುವ ಸಂಬಳ. ನಮ್ಮ ಹಿರಿಯರಿಗೆ ಇದೊಂದು ಅರ್ಥವಾದರೆ ಅರ್ಧ ಕೆಲಸ ಆದಂತೆ.

ಈ ವಿದ್ಯೆಯ ದೊಡ್ಡ ಹೆಸರುಗಳೆಲ್ಲ ಹೀಗೆಯೇ ಬೆಳೆದವು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರೊನಿಸ್ಲಾ ಮಲಿನೋವ್ಸ್ಕಿ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕೂತು ಅಧ್ಯಯನ ಮಾಡಿದ್ದು ರಾಬರ್ಟ್ ಮಾಂಡ್ ಎಂಬವರ ಹೆಸರಿನ ಪ್ರವಾಸ ವಿದ್ಯಾರ್ಥಿವೇತನದ ಬೆಂಬಲದಿಂದ. ನಮ್ಮ ರಾಜ್ಯದವರೇ ಆದ ಎಂ.ಎನ್. ಶ್ರೀನಿವಾಸರಿಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಕೆಲಸ ಕೊಟ್ಟಾಗ, ಮೊದಲ ವರ್ಷವನ್ನು ಕ್ಷೇತ್ರಕಾರ್ಯಕ್ಕೆಂದು ಬಿಟ್ಟುಕೊಟ್ಟಿತು. ಆ ವರ್ಷದಲ್ಲೇ, 1948ರಲ್ಲಿ, ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಹೋಗಿ ಕೂತರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಹೊರಬಂದು ಜಗತ್ತೆಲ್ಲ ಓದುವಂತಾಯಿತು. ಒಂದು ವರ್ಷದ ಸಂಬಳ ಒಂದು ಹಳ್ಳಿಯನ್ನು ಜಗತ್ತಿನ ಗ್ರಂಥಾಲಯಗಳಲ್ಲಿ ಇಟ್ಟಿತು. ನಮ್ಮ ಕಡಲಿನಾಚೆಯ ಲಕ್ಷದ್ವೀಪದ ಮಾತೃವಂಶೀಯ ಮುಸ್ಲಿಂ ಸಮಾಜದ ಬಗ್ಗೆ ಲೀಲಾ ದುಬೆ ಅವರ ಪುಸ್ತಕ 1969ರಲ್ಲೇ ಬಂತು.

ಹಾಗಾದರೆ ನಮ್ಮ ತೀರದ ಕಥೆ? ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಆದದ್ದು 2007ರಲ್ಲಿ. ಭಾಷೆ, ಹಾಡು, ಇತಿಹಾಸದ ಬಗ್ಗೆ ನಮ್ಮವರು ಕೈಯಿಂದ ಹಣ ಹಾಕಿ ಪುಸ್ತಕ ಮಾಡಿದ್ದಾರೆ. ಆದರೆ ಗಂಡ ಗಲ್ಫಿನಲ್ಲಿದ್ದಾಗ ಮನೆ ನಡೆಸಿದ ಉಮ್ಮಂದಿರು, ಬೀಡಿ ಸುತ್ತಿ ಮಕ್ಕಳನ್ನು ಓದಿಸಿದ ಅಜ್ಜಿಯರು, ಮದುವೆಮನೆಯ ಹಾಡು ಬಾಯಿಪಾಠ ಇರುವ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಬಳಿ ಕೂತು ಕೇಳುವುದಕ್ಕೆ ಸಮಯ ಬೇಕು. ಸಮಯಕ್ಕೆ ಹಣ ಬೇಕು.

ಹಣದ ಒಂದು ದೊಡ್ಡ ಬಾಗಿಲು ಮುಚ್ಚಿದ್ದು ನಿಜ. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧಕರಿಗೆಂದು ಇದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿತು. ಇತರ ಯೋಜನೆಗಳಲ್ಲೂ ಇದೇ ಮಕ್ಕಳಿಗೆ ಅವಕಾಶ ಇದೆ ಎಂಬುದು ಸಂಸತ್ತಿನಲ್ಲಿ ಕೊಟ್ಟ ಕಾರಣ. ಆ ಕಾರಣವನ್ನು ನಾವು ಒಪ್ಪುವುದಿಲ್ಲ. ತಲೆಮಾರಿಗೆ ಮೊದಲ ಸಲ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತುವ ಮಕ್ಕಳಿಗೆ ಪ್ರತ್ಯೇಕ ಬಾಗಿಲು ಬೇಕಾಗಿತ್ತು, ಈಗಲೂ ಬೇಕು. ಅದನ್ನು ಕೇಳುತ್ತಲೇ ಇರಬೇಕು. ಆದರೆ ಕೇಳುತ್ತಾ ಕೂತಿರುವಾಗ ಮಕ್ಕಳ ವಯಸ್ಸು ನಿಲ್ಲುವುದಿಲ್ಲ. ತೆರೆದಿರುವ ಬಾಗಿಲುಗಳನ್ನು ನಾವು ಎಷ್ಟು ತಟ್ಟಿದ್ದೇವೆ?

ಮೊದಲನೆಯದು ಯುಜಿಸಿಯ ಜೆಆರ್‌ಎಫ್. ಇದಕ್ಕೆ ನೆಟ್ ಪರೀಕ್ಷೆ ಬರೆಯಬೇಕು. ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಜೂನ್ ಮತ್ತು ಡಿಸೆಂಬರ್ ಸರದಿಯಲ್ಲಿ ನಡೆಯುತ್ತದೆ. ಎರಡು ಪತ್ರಿಕೆ, 150 ಪ್ರಶ್ನೆ, 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮಾನವಶಾಸ್ತ್ರ ಇದರಲ್ಲಿ ಒಂದು ವಿಷಯ. ಸಮಾಜಶಾಸ್ತ್ರದಲ್ಲಿ ಎಂಎ ಮಾಡಿದವರು ಆ ವಿಷಯದಲ್ಲಿ ಬರೆಯಬಹುದು, ಜಾನಪದಕ್ಕೂ ಬೇರೆ ವಿಷಯ ಉಂಟು. 2023ರ ಜನವರಿಯಿಂದ ಜಾರಿಯಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಒಟ್ಟು ಐದು ವರ್ಷದವರೆಗೆ. ಮನೆಬಾಡಿಗೆ ಭತ್ಯೆ ಬೇರೆ. "ಅದು ಓದಿ ಎಂತ ಮಾಡ್ಲಿಕ್ಕುಂಟು" ಎಂದು ಕೇಳುವವರು ಈ ಲೆಕ್ಕವನ್ನು ಒಮ್ಮೆ ನೋಡಲಿ.

ವಯಸ್ಸಿನ ಮಿತಿ 30. ಹೆಣ್ಣುಮಕ್ಕಳಿಗೆ ಐದು ವರ್ಷದ ರಿಯಾಯಿತಿ ಉಂಟು, ಅಂದರೆ 35. ಮದುವೆಯಾಗಿ, ಮಗುವಾಗಿ, "ಇನ್ನು ನನ್ನ ಓದು ಮುಗಿಯಿತು" ಎಂದು ಕೂತ ಸೊಸೆಯಂದಿರಿಗೆ ಈ ಮಾತನ್ನು ತಿಳಿಸಿ. ಪಿಎಚ್‌ಡಿ ಮಾಡುವ ಮಹಿಳೆಯರಿಗೆ ಹೆರಿಗೆ ಮತ್ತು ಮಗುವಿನ ಆರೈಕೆಗೆ ಒಟ್ಟು 240 ದಿನದವರೆಗೆ ರಜೆ ಕೊಡಬಹುದೆಂದು ಯುಜಿಸಿಯ 2022ರ ನಿಯಮವೇ ಹೇಳುತ್ತದೆ. ಹಿಂದುಳಿದ ವರ್ಗದ ರಿಯಾಯಿತಿ ಪಡೆಯುವವರು ಒಂದು ವಿಷಯ ಗಮನಿಸಬೇಕು. ರಾಜ್ಯದ 2ಬಿ ಪ್ರಮಾಣಪತ್ರ ಕೇಂದ್ರದ ಪರೀಕ್ಷೆಗೆ ನಡೆಯುವುದಿಲ್ಲ. ಕೇಂದ್ರದ ಪಟ್ಟಿಗೆ ಹೊಂದುವ, ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರವೇ ಬೇಕು. ಕೊನೆಯ ವಾರ ತಾಲೂಕು ಕಚೇರಿಗೆ ಓಡಿದರೆ ಆಗುವ ಕೆಲಸ ಅಲ್ಲ ಅದು.

ಎರಡನೆಯದು ದಿಲ್ಲಿಯ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, ಐಸಿಎಸ್‌ಎಸ್‌ಆರ್ ಎಂದು ಹೇಳುತ್ತಾರಲ್ಲ, ಅದರ ಡಾಕ್ಟರಲ್ ಫೆಲೋಶಿಪ್. ಪಿಎಚ್‌ಡಿಗೆ ನೋಂದಣಿ ಆದವರಿಗೆ ಇದು. ಇಲ್ಲಿ ಸಂಶೋಧನಾ ಪ್ರಸ್ತಾವವೇ ಮುಖ್ಯ. ಮೂರನೆಯದು ನಮ್ಮ ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯ ಪಿಎಚ್‌ಡಿ ಮಾಡುವವರಿಗೆ ಕೊಡುವ ಫೆಲೋಶಿಪ್. ಇದರ ಮೊತ್ತ ಸರಕಾರದಿಂದ ಸರಕಾರಕ್ಕೆ ಏರಿಳಿದಿದೆ, ಆದ್ದರಿಂದ ಆಯಾ ವರ್ಷದ ಪ್ರಕಟಣೆ ನೋಡಿಯೇ ಲೆಕ್ಕ ಹಾಕಬೇಕು. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣಾಲಯವೂ ಸಂಶೋಧಕರಿಗೆ ಫೆಲೋಶಿಪ್ ಕೊಡುತ್ತ ಬಂದಿದೆ. ಅದರ ದಕ್ಷಿಣದ ಕೇಂದ್ರ ದೂರದಲ್ಲಿಲ್ಲ, ಮೈಸೂರಿನಲ್ಲೇ ಇದೆ. ಇಡೀ ದೇಶದ 4,635 ಸಮುದಾಯಗಳನ್ನು ದಾಖಲಿಸಿದ ಸಂಸ್ಥೆ ಅದು. ಎಲ್ಲಿ ಓದುವುದು ಎಂದು ಕೇಳುವವರಿಗೆ, ಮಾನವಶಾಸ್ತ್ರ ವಿಭಾಗ ಮೈಸೂರು ಮತ್ತು ಧಾರವಾಡದ ವಿಶ್ವವಿದ್ಯಾನಿಲಯಗಳಲ್ಲಿ ಉಂಟು. ನಮಗೆ ಹತ್ತಿರ ಎಂದರೆ ರೈಲಿನಲ್ಲಿ ಹೋಗಿ ಇಳಿಯಬಹುದಾದ ತಲಶ್ಶೇರಿ, ಅಲ್ಲಿ ಕಣ್ಣೂರು ವಿಶ್ವವಿದ್ಯಾನಿಲಯದ ವಿಭಾಗ ಉಂಟು.

ಹೊರದೇಶದ ಬಾಗಿಲುಗಳೂ ಇವೆ. ಇಲ್ಲಿ ಪಿಎಚ್‌ಡಿಗೆ ನೋಂದಣಿ ಆಗಿರುವವರು ಫುಲ್‌ಬ್ರೈಟ್-ನೆಹರೂ ಫೆಲೋಶಿಪ್‌ನಲ್ಲಿ ಆರರಿಂದ ಒಂಬತ್ತು ತಿಂಗಳು ಅಮೆರಿಕದ ವಿಶ್ವವಿದ್ಯಾನಿಲಯದಲ್ಲಿ ಕೂತು ಕೆಲಸ ಮಾಡಬಹುದು. ಬ್ರಿಟನ್ನಿನಲ್ಲಿ ಓದುವುದಾದರೆ ಫೆಲಿಕ್ಸ್, ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಉಂಟು. ಮಾನವಶಾಸ್ತ್ರಕ್ಕೆಂದೇ ಇರುವ ಸಂಸ್ಥೆ ನ್ಯೂಯಾರ್ಕಿನ ವೆನ್ನರ್-ಗ್ರೆನ್ ಫೌಂಡೇಶನ್, 1941ರಲ್ಲಿ ಸ್ಥಾಪನೆಯಾದದ್ದು. ಪಿಎಚ್‌ಡಿಯ ಕ್ಷೇತ್ರಕಾರ್ಯಕ್ಕೆ 25,000 ಡಾಲರ್‌ವರೆಗೆ ಕೊಡುತ್ತದೆ. ಯಾವ ದೇಶದವರೂ ಅರ್ಜಿ ಹಾಕಬಹುದು. ಅಮೆರಿಕದ ಹಲವು ವಿಭಾಗಗಳಲ್ಲಿ ಪಿಎಚ್‌ಡಿಗೆ ಪ್ರವೇಶ ಸಿಕ್ಕಿದರೆ ಫೀಸು ಮಾಫಿ, ಮೇಲಿಂದ ತಿಂಗಳ ಭತ್ಯೆ. ಮನೆ ಅಡವಿಟ್ಟು ಎಂಎ ಮಾಡಲು ಹೊರದೇಶಕ್ಕೆ ಕಳಿಸುವ ಮೊದಲು ಈ ವ್ಯತ್ಯಾಸವನ್ನು ತಿಳಿದುಕೊಳ್ಳಿ.

ಇಷ್ಟೆಲ್ಲ ಇದ್ದೂ ನಮ್ಮ ಮಕ್ಕಳಿಗೆ ಯಾಕೆ ಸಿಗುವುದಿಲ್ಲ? ನಾವು ನೋಡಿದ ಮಟ್ಟಿಗೆ ಕಾರಣ ಎರಡು. ಒಂದು, ಅರ್ಜಿಯನ್ನು ಕೊನೆಯ ದಿನ ತುಂಬಿಸುವ ಫಾರ್ಮು ಎಂದು ತಿಳಿಯುವುದು. ಎರಡು, ಪ್ರಶ್ನೆಯೇ ಇಲ್ಲದೆ ವಿಷಯ ಮಾತ್ರ ಬರೆಯುವುದು.

"ಬ್ಯಾರಿ ಮಹಿಳೆಯರ ಸ್ಥಿತಿಗತಿ: ಒಂದು ಅಧ್ಯಯನ" ಎಂದು ಬರೆದರೆ ಅದು ವಿಷಯ. ಯಾರೂ ಹಣ ಕೊಡುವುದಿಲ್ಲ. "ಗಂಡ ಗಲ್ಫಿನಲ್ಲಿದ್ದಾಗ ಮನೆಯ ಹಣದ ತೀರ್ಮಾನ ಯಾರದ್ದು? ತಿಂಗಳಿಗೊಂದು ಪತ್ರ ಬರುತ್ತಿದ್ದ ಕಾಲಕ್ಕೂ ದಿನಕ್ಕೆ ನಾಲ್ಕು ಸಲ ವೀಡಿಯೊ ಕಾಲ್ ಬರುವ ಈಗಿನ ಕಾಲಕ್ಕೂ ಅದು ಹೇಗೆ ಬದಲಾಯಿತು?" ಎಂದು ಕೇಳಿದರೆ ಅದು ಪ್ರಶ್ನೆ. ಓದುವವರು ತಲೆ ಎತ್ತುತ್ತಾರೆ. ಆಮೇಲೆ ಹೇಳಬೇಕಾದದ್ದು ಇಷ್ಟು. ಇದರ ಬಗ್ಗೆ ಈಗಾಗಲೇ ಯಾರು ಏನು ಬರೆದಿದ್ದಾರೆ, ಅವರು ಎಲ್ಲಿಗೆ ನಿಲ್ಲಿಸಿದ್ದಾರೆ. ಯಾವ ಊರಿನಲ್ಲಿ, ಎಷ್ಟು ತಿಂಗಳು, ಎಷ್ಟು ಮನೆಯವರ ಜೊತೆ ಕೂರುತ್ತೀರಿ. ಮಾತನಾಡಿದವರ ಒಪ್ಪಿಗೆ ಹೇಗೆ ಪಡೆಯುತ್ತೀರಿ, ಅವರ ಹೆಸರನ್ನು ಹೇಗೆ ಕಾಪಾಡುತ್ತೀರಿ. ಖರ್ಚು ಎಷ್ಟು, ಯಾವುದಕ್ಕೆ.

ನಮ್ಮ ಮಕ್ಕಳಿಗೆ ಒಂದು ಅನುಕೂಲ ಉಂಟು. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಹೊರಗಿನ ಸಂಶೋಧಕರು ವರ್ಷಗಟ್ಟಲೆ ಕಷ್ಟಪಟ್ಟು ಕಲಿಯುವ ಭಾಷೆ ಇವರಿಗೆ ಹುಟ್ಟಿನಿಂದ ಬಂದಿದೆ. ಅರ್ಜಿಯಲ್ಲಿ ಇದನ್ನು ಬರೆಯಲು ನಾಚಿಕೊಳ್ಳಬಾರದು. ಆದರೆ "ನಾನು ಅದೇ ಸಮುದಾಯದವಳು" ಎಂಬುದೊಂದೇ ಸಾಲದು. ಹತ್ತಿರದವರಿಗೆ ಕೆಲವು ಬಾಗಿಲು ತೆರೆಯುತ್ತದೆ, ಕೆಲವು ಮುಚ್ಚುತ್ತದೆ. ಪಕ್ಕದ ಮನೆಯ ಹುಡುಗಿಗೆ ಹೇಳದ ಮಾತನ್ನು ಉಮ್ಮಂದಿರು ಹೊರಗಿನವರಿಗೆ ಹೇಳುವುದುಂಟು. ಇದನ್ನು ಯೋಚಿಸಿ ಬರೆದವರ ಅರ್ಜಿ ಗಟ್ಟಿಯಾಗಿರುತ್ತದೆ. ನಮ್ಮ ಸಮುದಾಯವನ್ನೇ ಅಧ್ಯಯನ ಮಾಡಬೇಕೆಂದೂ ಇಲ್ಲ. ಮಲ್ಪೆಯ ಮೀನುಗಾರರ ಬಗ್ಗೆಯೋ ಕೊರಗರ ಬಗ್ಗೆಯೋ ನಮ್ಮ ಮಗು ಬರೆದರೆ ಅದೂ ಸಂತೋಷವೇ.

ಅರ್ಜಿಗೆ ಒಂದು ವರ್ಷ ಇಟ್ಟುಕೊಳ್ಳಿ. ಮೊದಲ ಮೂರು ತಿಂಗಳು ಓದು ಮತ್ತು ಪ್ರಶ್ನೆ. ಆಮೇಲೆ ಮಾರ್ಗದರ್ಶಕರನ್ನು ಕಂಡು ಮಾತು. ನಂತರ ಪ್ರಸ್ತಾವವನ್ನು ಬರೆದು, ಇಬ್ಬರಿಗೆ ಕೊಟ್ಟು ಓದಿಸಿ, ಮತ್ತೆ ಬರೆಯುವುದು. ಅವರಲ್ಲಿ ಒಬ್ಬರು ಈ ವಿಷಯ ಗೊತ್ತಿಲ್ಲದವರಾಗಿರಲಿ. ಶಿಫಾರಸು ಪತ್ರ ಕೊಡುವ ಅಧ್ಯಾಪಕರಿಗೆ ತಿಂಗಳ ಮೊದಲೇ ಹೇಳಬೇಕು, ಹಿಂದಿನ ರಾತ್ರಿ ವಾಟ್ಸ್ಆ್ಯಪ್ ಮಾಡಿದರೆ ಆಗುವುದಿಲ್ಲ. ಒಂದು ಸಲ ಸಿಗದಿದ್ದರೆ ಕಾರಣ ಕೇಳಿ, ತಿದ್ದಿ, ಮತ್ತೆ ಹಾಕಬೇಕು. ಪರೀಕ್ಷೆಯಲ್ಲಿ ನಪಾಸಾದ ಹಾಗೆ ತಲೆ ತಗ್ಗಿಸುವ ವಿಷಯವಲ್ಲ ಇದು.

ಕೊನೆಯದಾಗಿ ಹಿರಿಯರಿಗೆ, ಜಮಾಅತ್‌ಗಳಿಗೆ, ಗಲ್ಫಿನಲ್ಲಿರುವ ನಮ್ಮ ಸಂಘಟನೆಗಳಿಗೆ ಒಂದು ವಿನಂತಿ. ವೈದ್ಯಕೀಯ, ಇಂಜಿನಿಯರಿಂಗ್ ಸೀಟಿಗೆ ನೀವು ಕೊಡುವ ನೆರವು ದೊಡ್ಡದು. ಅದರ ಪಕ್ಕದಲ್ಲಿ ಒಂದು ಚಿಕ್ಕ ನಿಧಿ ಇಡಿ. ಪರೀಕ್ಷೆಯ ಶುಲ್ಕ, ಇಂಗ್ಲಿಷ್ ಪರೀಕ್ಷೆಯ ಖರ್ಚು, ಸಂದರ್ಶನಕ್ಕೆ ದಿಲ್ಲಿಗೆ ಹೋಗುವ ರೈಲಿನ ಹಣ, ಮಂಜೂರಾದ ಫೆಲೋಶಿಪ್ ಕೈಗೆ ಬರಲು ತಡವಾದಾಗ ನಾಲ್ಕು ತಿಂಗಳು ದಾಟಿಸುವ ಕೈಸಾಲ. ಇಷ್ಟು ಇಲ್ಲದೆಯೇ ಎಷ್ಟೋ ಅರ್ಜಿಗಳು ಅರ್ಧಕ್ಕೆ ನಿಲ್ಲುತ್ತವೆ. ತಂದೆತಾಯಿಯಂದಿರಲ್ಲಿ ನಾವು ಕೇಳುವುದು ಹಣವನ್ನಲ್ಲ. ಮಗಳಿಗೆ ಒಂದು ವರ್ಷ ಕೊಡಿ. ಸಂಬಂಧ ನೋಡುವ ಮಾತನ್ನು ಒಂದು ವರ್ಷ ಮುಂದೆ ಹಾಕಿ, ಅಥವಾ ಮದುವೆಯ ಮಾತುಕತೆಯಲ್ಲೇ ಅವಳ ಓದಿನ ಮಾತನ್ನೂ ಇಡಿ.

ನಿಮ್ಮ ಮನೆಯಲ್ಲಿ ಎಂಎ ಮುಗಿಸಿ ಸುಮ್ಮನೆ ಕೂತ ಮಗು ಇದ್ದರೆ ಈ ಪುಟವನ್ನು ಅವರ ಕೈಗೆ ಕೊಡಿ. ಮುಂದಿನ ನೆಟ್ ಅರ್ಜಿ ಯಾವಾಗ ಎಂದು ಇವತ್ತೇ ನೋಡಲಿ. ಮತ್ತೆ ಅಜ್ಜಿಯ ಬಳಿ ಹೋಗಿ ಕೂರಲಿ. ಪ್ರಶ್ನೆ ಅಲ್ಲಿಂದಲೇ ಹುಟ್ಟಬಹುದು.